ಫ್ಲಾಪಿಯೊಳಗಿನ ಮದುವೆ

೪ ಮೇ ೧೯೯೯, ಆಳಂದ

ನರೋಣಾದ ಮದುವೆಯ ಕ್ಯಾಸೆಟ್ಟನ್ನು ಖುರ್ಷಿದ್ ಇವತ್ತು ತಂದುಕೊಟ್ಟ. ನಮ್ಮ ಸ್ಟುಡಿಯೋದಲ್ಲಿ ಇವರು ಫೋಟೋ ತೆಗೆಯುತ್ತಾರೆ, ಖುರ್ಷಿದ್ ವಿಡಿಯೊ ಕ್ಯಾಮರಾ ಹಿಡಿಯುತ್ತಾನೆ, ಕಂಪ್ಯೂಟರ್ ನನ್ನದು. ಯುಗಾದಿಗೆ ಸೊಲ್ಲಾಪುರದಿಂದ ಅದು ಬಂದಾಗಿನಿಂದ ನಮ್ಮ ಮಾತೇ ಬೇರೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯವರು ಇನ್ನೂ ಎರಡು ವಿಸಿಆರ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಇಳಿಸುತ್ತಾ ಕೂತಿದ್ದಾರೆ. ನಾನು ಸೊಲ್ಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದು ಎಡಿಟಿಂಗ್ ಕಲಿತು ಬಂದವಳು. ಹೆಂಗಸೊಬ್ಬಳು ಕಂಪ್ಯೂಟರಿನಲ್ಲಿ ಮದುವೆ ಕತ್ತರಿಸಿ ಜೋಡಿಸುವುದನ್ನು ನೋಡಲೆಂದೇ ಜನ ಪರದೆ ಸರಿಸಿ ಇಣುಕುತ್ತಾರೆ. ಇಣುಕಲಿ.

ಖುರ್ಷಿದ್ ಹೋಗುವವನು ಹೋಗದೆ ಬಾಗಿಲಲ್ಲೇ ನಿಂತ.

"ಭಾಬಿ, ಈ ಮದಿವಿ ಜರಾ ಜೋಪಾನ ನೋಡ್ರಿ. ಹುಡುಗಿ ಅವ್ವ ಬಾಳಮ್ಮ ಅಂತ. ಗಂಡ ಸತ್ತಾಕಿ ಹಂದರದಾಗ ಬರಬಾರ್ದಂತ ಅಕಿ ಅಣ್ಣ ಚಂದಪ್ಪ ಅಡಗಿಮನ್ಯಾಗ ಕುಂದರಿಸಿದ್ದ. ಇರೂವಾಕಿ ಒಬ್ಬಾಕಿ ಮಗಳು. ಅಕ್ಕಿಕಾಳ ಬೀಳೂ ಹೊತ್ತಿಗಿ ಅವ್ವ ಒಲಿ ಮುಂದ ಅಳಕೋತ ಕುಂತಿದ್ಲು. ಅಳಬ್ಯಾಡ ಅವ್ವಾ, ಎಲ್ಲಾ ತಗದು ನಿನಗ ತೋರಿಸ್ತೇನಿ ಅಂತ ನಾನೇ ಹೇಳಿ ಬಂದೇನಿ."

"ಆಯ್ತು, ನೋಡ್ತೇನಿ ಹೋಗು" ಎಂದೆ. ಇವನಿಗೆ ಪ್ರತಿ ಮದುವೆಯಲ್ಲೂ ಒಬ್ಬ ಅವ್ವ ಸಿಗುತ್ತಾಳೆ.

೧೩ ಮೇ

ನರೋಣಾದ ಮದುವೆ ಮುಗಿಸಿದೆ. ಸುರಗಿಯ ನೀರು, ಅರಿಷಿಣ, ಅಕ್ಕಿಕಾಳಿನ ಅಕ್ಷತೆ, ಹೆಣ್ಣು ಒಪ್ಪಿಸಿಕೊಡುವುದು, ಎಲ್ಲವನ್ನೂ ಜೋಡಿಸಿ ಹಿಂದೆ ಶಹನಾಯಿ ಹಾಕಿದೆ. ಮೊದಲಿಗೆ ಭಾಗಮ್ಮ, ಬೀರಣ್ಣ ಎಂದು ಹೆಸರುಗಳು ತೇಲಿ ಬರುತ್ತವೆ, ಮೇಲಿನಿಂದ ಗುಲಾಬಿ ದಳ ಉದುರುತ್ತವೆ. ಬೆನ್ನು ತೋರಿಸಿದವರು, ಆಕಳಿಸಿದವರು, ಕ್ಯಾಮರಾಕ್ಕೆ ನಾಲಗೆ ಚಾಚಿದ ಹುಡುಗರು, ಇವೆಲ್ಲ ವೇಸ್ಟ್, ತೆಗೆದು ಬಿಸಾಕಿದೆ. ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಆ ಮದುವೆಗೆ ನಾನೇ ಹೋಗಿ ಊಟ ಮಾಡಿ ಬಂದ ಹಾಗಾಗಿದೆ.

ಕ್ಯಾಸೆಟ್ಟಿಗೆ ಇಳಿಸೋಣವೆಂದರೆ ವಿಸಿಆರ್‌ನ ಹೆಡ್ ಹೋಗಿ ಅದು ಸೊಲ್ಲಾಪುರದಲ್ಲಿ ರಿಪೇರಿಗೆ ಕೂತಿದೆ. ಅಧಿಕ ಮಾಸ ಹತ್ತಿರ ಬಂತು, ಅದಕ್ಕೆ ಮುಂಚೆ ಮದುವೆ ಮುಗಿಸಲು ಎಲ್ಲರಿಗೂ ಅವಸರ. ನಾಳೆ ಇನ್ನೊಂದು ಮದುವೆಯನ್ನು ಒಳಗೆ ಹಾಕಬೇಕು, ಕಂಪ್ಯೂಟರ್ ಜಾಗ ಇಲ್ಲ ಎನ್ನುತ್ತದೆ. ಇಲ್ಲದಿದ್ದರೇನಂತೆ, ನಾನು ಸೇವ್ ಮಾಡಿದ್ದೇನೆ. ಸೊಲ್ಲಾಪುರದಲ್ಲಿ ನನಗೆ ಎಡಿಟಿಂಗ್ ಕಲಿಸಿದವನು ಭಗವಂತ ಎಂಬುವನು, ಮಾತಿಗೊಮ್ಮೆ ಸೇವ್ ಮಾಡ್ರಿ, ಸೇವ್ ಮಾಡ್ರಿ ಅನ್ನುತ್ತಿದ್ದ. ಮಾಡಿದರೆ ಏನೂ ಹೋಗುವುದಿಲ್ಲವಂತೆ. ಸಾಲದೆಂದು ಆ ಸೇವ್ ಮಾಡಿದ ಪ್ರಾಜೆಕ್ಟನ್ನು ಒಂದು ಫ್ಲಾಪಿಗೂ ಹಾಕಿದೆ. ಇಡೀ ಮದುವೆ ಅಂಗೈಯಷ್ಟು ಫ್ಲಾಪಿಯಲ್ಲಿ! ಇವರು ಅದನ್ನು ಕಣ್ಣಿಗೊತ್ತಿಕೊಂಡು ದತ್ತಾತ್ರೇಯನ ಫೋಟೋದ ಮುಂದಿಟ್ಟರು. ನಾನು ಒಂದು ಬೊಟ್ಟು ಕುಂಕುಮ ಹಚ್ಚಿದೆ.

ಆಮೇಲೆ ಕಂಪ್ಯೂಟರಿನಲ್ಲಿ ತುಂಬಿಕೊಂಡಿದ್ದ ನರೋಣಾದ ವಿಡಿಯೊ ತುಣುಕುಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಖುರ್ಷಿದ್ ತುಂಬಿ ತಂದಿದ್ದ ಮೂಲ ಕ್ಯಾಸೆಟ್ಟನ್ನು, ಯಾವಾಗಲೂ ಮಾಡುವ ಹಾಗೆ, ಮುಂದಿನ ಮದುವೆಯ ಶೂಟಿಂಗಿಗೆ ಕೊಟ್ಟೆ. ಮನಸ್ಸು ಹಗುರಾಯಿತು.

೨೬ ಮೇ

ವಿಸಿಆರ್ ರಿಪೇರಿಯಾಗಿ ಬಂತು. ನರೋಣಾದ ಪ್ರಾಜೆಕ್ಟನ್ನು ತೆರೆದೆ. ಒಂದೊಂದೇ ತುಣುಕಿನ ಹೆಸರು ಹೇಳಿ, ಈ ಫೈಲ್ ಎಲ್ಲಿದೆ, ಈ ಫೈಲ್ ಎಲ್ಲಿದೆ ಎಂದು ಕೇಳತೊಡಗಿತು. ನಿನಗೆ ಗೊತ್ತಿರಬೇಕಲ್ಲವೇ, ನನ್ನನ್ನೇಕೆ ಕೇಳುತ್ತೀ ಎಂದು ಬೈದೆ. ಫ್ಲಾಪಿ ಹಾಕಿದೆ. ಅದೂ ಅದನ್ನೇ ಕೇಳಿತು.

ಕೊನೆಗೆ ಹಾಗೆಯೇ ಓಡಿಸಿ ನೋಡಿದೆ. ಹೆಸರುಗಳು ತೇಲಿ ಬಂದವು. ಗುಲಾಬಿ ದಳ ಉದುರಿದವು. ಹಿಂದೆ ಬರೀ ಕಪ್ಪು. ಮುಗಿಯುವವರೆಗೂ ಕಪ್ಪು.

೨೭ ಮೇ

ಎಸ್‌ಟಿಡಿ ಬೂತಿನಿಂದ ಭಗವಂತನಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು ಅವನು ಕೇಳಿದ, "ನರ್ಮದಾ ವೈನಿ, ತುಣುಕು ಅಳಿಸಿದ್ರೇನು?"

"ಸೇವ್ ಮಾಡೇ ಅಳಿಸೀನಿ."

"ಅಯ್ಯ, ಪ್ರಾಜೆಕ್ಟಿನಾಗ ಚಿತ್ರ ಇರಂಗಿಲ್ರಿ. ಯಾವ ತುಣುಕು ಎಲ್ಲದ, ಎಲ್ಲಿ ಕತ್ತರಿಸಬೇಕು, ಯಾವುದರ ಹಿಂದ ಯಾವುದು, ಇಷ್ಟೇ ಇರ್ತದ. ಹೋಳಿಗಿ ಹೆಂಗ ಮಾಡ್ಬೇಕಂತ ಬರದಿಟ್ಟು, ಬ್ಯಾಳಿ ಬೆಲ್ಲ ತಿಪ್ಪಿಗಿ ಚೆಲ್ಲೀರಿ ನೀವು. ಮೂಲ ಕ್ಯಾಸೆಟ್ ಅದಲ್ಲ, ಮತ್ತ ಹಾಕ್ಕೊಳ್ರಿ."

ಮೂಲ ಕ್ಯಾಸೆಟ್ಟಿನ ಮೇಲೆ ಈಗ ಬೇರೆ ಮದುವೆಯ ವರ ಕುದುರೆ ಹತ್ತಿದ್ದಾನೆ. ಕಲಿಸುವಾಗ ಇದನ್ನು ಹೇಳಲು ಅವನ ಬಾಯಿಗೇನಾಗಿತ್ತು? ತಪ್ಪು ಅವನದೇ.

೩೦ ಮೇ

ಇವರಿಗೆ ಹೇಳಿದೆ. ರೇಗುತ್ತಾರೆಂದುಕೊಂಡಿದ್ದೆ. ಕುರ್ಚಿಯಲ್ಲಿ ಕುಸಿದು ಕೂತರು.

"ನರ್ಮದಾ, ಯಾರ ಮುಂದೂ ಅನಬ್ಯಾಡ. ಕಂಪ್ಯೂಟರ್ನಾಗ ಮದಿವಿ ಅಳಿಸಿ ಹೋಗ್ತಾವಂತ ಸುದ್ದಿ ಹಬ್ಬಿದ್ರ ಒಬ್ಬರೂ ನಮ್ಮ ಮೆಟ್ಟಲ ಹತ್ತಂಗಿಲ್ಲ."

ಅವರು ಹೇಳಿದ್ದು ಸರಿ. ಇದೊಂದು ಮದುವೆ. ಹುಡುಗಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಕ್ಯಾಸೆಟ್ ಇದ್ದರೇನು, ಬಿಟ್ಟರೇನು.

೩ ಜೂನ್

ಸಂತೆಗೆಂದು ಬಂದ ಬಾಳಮ್ಮ ಅಂಗಡಿಗೆ ಬಂದಿದ್ದಳು. ಮುದುಕಿ ಇರಬೇಕೆಂದುಕೊಂಡಿದ್ದೆ. ನನಗಿಂತ ಐದಾರು ವರ್ಷ ದೊಡ್ಡವಳು, ಅಷ್ಟೆ. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ಬಂದಳು.

"ಆಗ್ಯಾದೇನ್ರಿ ಬಾಯಾರ, ನಮ್ಮ ಭಾಗಮ್ಮನ ಮದಿವಿ?"

"ಇನ್ನೂ ಇಲ್ಲ. ಕೆಲಸ ಭಾಳ ಅದ. ತಡ ಆಗ್ತದ" ಎಂದೆ.

"ಆಗ್ಲಿ ಬಿಡ್ರಿ. ಪಂಚಮಿಗಿ ಮಗಳು ಬರ್ತಾಳ. ಅಷ್ಟರಾಗ ಕೊಟ್ರ ಸಾಕು. ಗೌಡರ ಮನ್ಯಾಗ ಟಿವಿ ಅದ, ಇಬ್ಬರೂ ಕೂಡಿ ನೋಡ್ತೀವಿ." ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದಳು. ಚಂದಪ್ಪ ಮದುವೆಗೆ ವಿಡಿಯೊ ಒಂದೇ ಸಾಕೆಂದಿದ್ದ, ಇವರು ಮರುದಿನ ಸ್ಟುಡಿಯೋದಲ್ಲಿ ತೆಗೆದ ಜೋಡಿಯ ಫೋಟೋ ಮಾತ್ರ ಇರುವುದು. "ಇದರಾಗ ಬರೇ ನಿಂತಾರ್ರಿ. ನಿಂತಿದ್ದು ನಾನೂ ನೋಡೀನಿ. ತಾಳಿ ಕಟ್ಟಿದ್ದು ನೋಡ್ಬೇಕ್ರಿ."

ಹೋಗುವಾಗ ಕಂಪ್ಯೂಟರಿಗೆ ಕೈ ಮುಗಿದಳು. ನನಗೆ ರೇಗಿತು. ಯಾರ ಮೇಲೆ ಎಂದು ತಿಳಿಯಲಿಲ್ಲ.

೧೦ ಜೂನ್

ಬಾಳಮ್ಮ ಬಂದಿದ್ದಳು. ಪರದೆ ಎಳೆದುಕೊಂಡು ಒಳಗೆ ಕೂತೆ. ನಾನಿಲ್ಲವೆಂದು ಇವರು ಹೇಳಿದರು.

೧೫ ಜೂನ್

ಚಂದಪ್ಪ ಬಂದ. ಕೂತ ಕುರ್ಚಿ ಕಿರುಗುಟ್ಟುವಂಥ ಆಳು, ದನಿಯೂ ಅಂಥದೇ. ಜೊತೆಗೆ ಊರಿನ ನಾಲ್ಕು ಮಂದಿ.

"ಮದಿವಿ ಆಗಿ ಎಷ್ಟ ದಿನ ಆತ್ರಿ? ಕೊಡ್ತೀರೋ ಇಲ್ಲೊ? ನಮ್ಮ ತಂಗಿ ದಿನಾ ಜೀವಾ ತಿನ್ನಾಕತ್ತಾಳ."

ಇವರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. ಬಂದ ಮಾತು ಇದು: "ಕ್ಯಾಸೆಟ್ನಾಗ ಚಿತ್ರಾನೇ ಬಂದಿಲ್ರಿ. ಶೂಟಿಂಗ್ ಹೊತ್ತಿನಾಗ ಏನೋ ಆಗ್ಯಾದ. ಬರೇ ಗೆರಿ. ಸರಿ ಮಾಡಾಕ ಇಷ್ಟ ದಿನ ಹೈರಾಣ ಆದೆ."

ಎಷ್ಟು ಸಲೀಸಾಗಿ ಬಂತು! ಮೊದಲೇ ಜೋಡಿಸಿಟ್ಟ ಹಾಗೆ.

"ಅಂದ್ರ ಆ ಕ್ಯಾಮರಾದ ಹುಡುಗ ಬರೇ ಹೆಗಲ ಮ್ಯಾಲ ಹೊತ್ಕೊಂಡು ತಿರಗ್ಯಾನೇನು? ಊಟ ಹೊಡದು ಹೋಗ್ಯಾನ!" ಎಂದು ಚಂದಪ್ಪ ಅಬ್ಬರಿಸಿದ. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

೧೬ ಜೂನ್

ಖುರ್ಷಿದ್‌ಗೆ ಸುದ್ದಿ ಮುಟ್ಟಿದೆ. ಬಂದು ಕ್ಯಾಮರಾ ಬಿಚ್ಚಿ, ಒರೆಸಿ, ಹೊಸ ಕ್ಯಾಸೆಟ್ ಹಾಕಿ ಅಂಗಡಿಯ ಮುಂದಿನ ರಸ್ತೆಯನ್ನು ಶೂಟ್ ಮಾಡಿ ನೋಡಿದ. ಚಿತ್ರ ಚೆನ್ನಾಗಿ ಬಂತು. ಎತ್ತಿನ ಗಾಡಿ, ಸೈಕಲ್, ಎಲ್ಲಾ.

"ಇವತ್ತು ಬರೋಬರಿ ಬಂತಲ್ರಿ ಭಾಬಿ?"

"ಒಮ್ಮೊಮ್ಮೆ ಆಗ್ತದಪ್ಪ" ಎಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಹಾಲಿಟ್ಟಿದ್ದೇನೆಂದು ಎದ್ದು ಹೋದೆ. ಹಾಲು ಇಟ್ಟಿರಲಿಲ್ಲ.

೨೭ ಜೂನ್

ಅಧಿಕ ಮಾಸ ಮುಗಿದು ಮತ್ತೆ ಮದುವೆಗಳು. ನರೋಣಾದ ಕಡೆಯ ಎರಡು ಮನೆಯವರು ಖುರ್ಷಿದ್ ಬೇಡವೆಂದು ಖಡಾಖಂಡಿತವಾಗಿ ಹೇಳಿದ್ದಾರೆ. ಖಜೂರಿ ಊರಿನವರೂ ಅದನ್ನೇ ಅಂದರು. ಇವರು ಗುಲ್ಬರ್ಗಾದಿಂದ ಒಬ್ಬನನ್ನು ಕರೆಸಿದ್ದಾರೆ. ಖುರ್ಷಿದ್ ಎರಡು ದಿನ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಮೂರನೆಯ ದಿನ ಬರಲಿಲ್ಲ.

ಅವನ ತಾಯಿ ಗೌಸಿಯಾಬೇಗಂ ದಾರಿಯಲ್ಲಿ ಸಿಕ್ಕರು. ಮಗ ಗಾಣಗಾಪುರಕ್ಕೆ ಹೋದನಂತೆ, ಯಾತ್ರೆಗೆ ಬಂದವರ ಫೋಟೋ ತೆಗೆಯಲು. "ನಿಮ್ಮ ಮನಿ ಉಪ್ಪು ತಿಂದಾನ, ಅಂವಗ ಬೈಬ್ಯಾಡ್ರಿ ಬಾಯಿ" ಎಂದರು. ನಾನು ಬೈಯುವುದೇ!

೪ ಜುಲೈ

ದಿನವೂ ಆ ಪ್ರಾಜೆಕ್ಟನ್ನು ತೆರೆಯುತ್ತೇನೆ. ತೆರೆದರೆ ಬರುತ್ತದೆಂದಲ್ಲ. ಒಂದೊಂದೇ ತುಣುಕಿನ ಹೆಸರು ಕೇಳುತ್ತದೆ. ಇಲ್ಲ, ಇಲ್ಲ, ಇಲ್ಲ ಎಂದು ಒತ್ತುತ್ತೇನೆ.

೮ ಜುಲೈ

ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ನೋಡಿದರೆ ಬಾಳಮ್ಮ. ಓಡಿಹೋಗುವಷ್ಟು ಜಾಗವಿರಲಿಲ್ಲ. ಜಗಳಾಡುತ್ತಾಳೆಂದುಕೊಂಡೆ, ಆಡಲಿಲ್ಲ.

"ಆ ಹುಡುಗ ಒಳ್ಳೆಂವ ಇದ್ನಲ್ರಿ ಬಾಯಾರ. ಯಾಕ ಹಂಗ ಸುಳ್ಳ ಹೇಳಿದ? ನಾ ಅಳಬಾರ್ದಂತ ಹೇಳಿರ್ಬೇಕು. ನಾ ಹುಚ್ಚಿ, ನಂಬಿ ಕುಂತೆ. ಅಡಗಿಮನಿ ಬಾಗಲದಾಗ ಸಂದಿ ಅದ್ರಿ. ವಿಡಿಯೊದಾಗ ಹೆಂಗೂ ಬರ್ತದ, ಕದ್ದು ನೋಡಿ ಮಗಳಿಗಿ ಯಾಕ ಅಪಶಕುನ ಆಗ್ಲಿ ಅಂತ ಬಿಟ್ಟೆ. ಇಲ್ಲಂದ್ರ ಒಮ್ಮಿ ಇಣಕತಿದ್ದೆ."

ಮೆಣಸಿನಕಾಯಿ ಅಲ್ಲೇ ಬಿಟ್ಟು ಬಂದೆ. ಈವರೆಗೆ ನಾನು ಆಕೆಯ ಕ್ಯಾಸೆಟ್ಟನ್ನಷ್ಟೇ ಕಳೆದೆನೆಂದುಕೊಂಡಿದ್ದೆ. ಆ ಸಂದಿಯನ್ನೂ ಮುಚ್ಚಿದ್ದೇನೆ. ನನ್ನಂಥ ಪಾಪಿ ಇನ್ನಿಲ್ಲ.

೨೮ ಜುಲೈ, ಗಾಣಗಾಪುರ

ಗುರುಪೂರ್ಣಿಮೆ. ಪ್ರತಿ ವರ್ಷದ ಹಾಗೆ ಬಂದಿದ್ದೇವೆ. ಇವರು ಪಾದುಕೆಯ ದರ್ಶನದ ಸಾಲಿನಲ್ಲಿ ನಿಂತರು. ನಾನು ಸಂಗಮದ ಕಡೆ ಹೋದೆ. ನನ್ನ ಕಾಲು ಯಾರನ್ನು ಹುಡುಕುತ್ತಿತ್ತೋ ನನಗೆ ಗೊತ್ತು.

ಖುರ್ಷಿದ್ ನದಿಯ ದಡದಲ್ಲಿ ಸಿಕ್ಕ. ಕೊರಳಲ್ಲಿ ಹಳೆಯ ಸ್ಟಿಲ್ ಕ್ಯಾಮರಾ. ಮಿಂದು ಎದ್ದವರನ್ನೆಲ್ಲ "ಫೋಟೋ ಬೇಕೇನ್ರಿ" ಎಂದು ಕೇಳುತ್ತಿದ್ದ. ನನ್ನನ್ನು ಕಂಡು ನಕ್ಕ. ಸೊರಗಿದ್ದಾನೆ.

ಒಂದು ಕುಟುಂಬದ ಫೋಟೋ ತೆಗೆದ. ಮತ್ತೆ ಅವರನ್ನೇ ನಿಲ್ಲಿಸಿ ಇನ್ನೊಂದು ತೆಗೆದ. ಹೊರಟವರನ್ನು ಕರೆದು ಮೂರನೆಯದು ತೆಗೆದ. ಏಕೆಂದು ಕೇಳಿದೆ.

"ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ರಿ ಭಾಬಿ. ಒತ್ತಿರ್ತೀನಿ, ಒತ್ತಿಲ್ಲೇನೋ ಅನಸ್ತದ. ಅವತ್ತೂ ರೆಕಾರ್ಡಿನ ಕೆಂಪು ಲೈಟ್ ನೋಡಿದ್ದು ನನಗ ಖರೇ ನೆನಪದ. ಆದ್ರ ಈಗ ಅದೂ ಅನುಮಾನ ಬರಾಕತ್ತದ. ಆ ಅವ್ವಗ ಮಾತು ಕೊಟ್ಟಿದ್ದೆ. ಖರೇ ಹೇಳ್ರಿ, ಕ್ಯಾಸೆಟ್ನಾಗ ಒಂದೀಟೂ ಇರ್ಲಿಲ್ಲೇನು?"

"ಇತ್ತು ಖುರ್ಷಿದ್. ಪೂರಾ ಇತ್ತು. ಒಂದು ಗೆರಿ ಸುದ್ದಾ ಇರ್ಲಿಲ್ಲ. ನಾ ಅಳಿಸಿದೆ. ಅಳಿಸಿ ನಿನ್ನ ಹೆಸರು ಹೇಳಿದೆ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಖದ ಮೇಲೆ ಕೈಯಾಡಿಸಿಕೊಂಡ. "ಯಾ ಅಲ್ಲಾ. ಹಂಗಾದ್ರ ನಾ ಒತ್ತಿದ್ದೆ" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದು ಸಿಟ್ಟಿನ ನೀರಲ್ಲ. ಬೈದಿದ್ದರೆ, ಎಲ್ಲರ ಮುಂದೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನಿಗೆ ಸಮಾಧಾನವಾದದ್ದನ್ನು ನೋಡಿ ನಾನು ನಾಚಿ ಸತ್ತೆ.

"ಆ ಅವ್ವಗ ಹೇಳ್ರಿ ಭಾಬಿ. ನಾ ಸುಳ್ಳ ಹೇಳಿದ್ದಿಲ್ಲಂತ, ಅಷ್ಟೇ ಹೇಳ್ರಿ."

ಹೇಳುತ್ತೇನೆಂದು ಮಾತು ಕೊಟ್ಟೆ.

೩೦ ಜುಲೈ

ನರೋಣಾಕ್ಕೆ ಹೋಗಿ ನಿಜ ಹೇಳಿಬರುತ್ತೇನೆಂದು ಇವರಿಗೆ ತಿಳಿಸಿದೆ. "ಅಂಗಡಿ ಮುಚ್ಚಬೇಕಂತ ಮಾಡೀಯೇನು?" ಎಂದರು. ಮುಚ್ಚಿದರೆ ಮುಚ್ಚಲಿ ಎಂದೆ. ಇವರು ಊಟಕ್ಕೆ ಏಳಲಿಲ್ಲ.

೩ ಆಗಸ್ಟ್

ನರೋಣಾದ ಬಸ್ ಹತ್ತಿದೆ. ಬಸ್ ಹೊರಡುವ ಮುಂಚೆ ಇಳಿದೆ.

೧೧ ಆಗಸ್ಟ್

ಇವತ್ತು ಸೂರ್ಯಗ್ರಹಣ. ಪ್ರಯಾಣ ಮಾಡಬಾರದಂತೆ. ಹುಟ್ಟಿದಾಗಿನಿಂದ ಗ್ರಹಣ ನಂಬದವಳು ಇವತ್ತು ನಂಬಿದೆ.

೧೪ ಆಗಸ್ಟ್

ಹೋಗಿ ಬಂದೆ.

ಚಂದಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ, ಸುತ್ತ ಜನ. ಒಳಗೆ ಕರೆದ. ಒಳಗೆ ಹೋದರೆ ಮತ್ತೆ ಹೇಳಲಾರೆನೆಂದು ಅಲ್ಲೇ ನಿಂತು ಹೇಳಿದೆ, ಖುರ್ಷಿದ್ ಚೆನ್ನಾಗಿಯೇ ತೆಗೆದಿದ್ದ, ಅಳಿಸಿದವಳು ನಾನು, ಸುಳ್ಳು ಹೇಳಿದವಳೂ ನಾನು. ಅವನು ಎದ್ದು ನಿಂತು ಬೈದ. "ಹೆಣ್ಮಗಳಂತ ಬಿಟ್ಟೀನಿ, ಇಲ್ಲಂದ್ರ ನಿಮ್ಮ ಕಂಪ್ಯೂಟರ್ ತಂದು ಭಾವಿಗಿ ಒಗೀತಿದ್ದೆ" ಎಂದ. ಕಟ್ಟೆಯ ಮೇಲಿನವರೆಲ್ಲ ಕೇಳಿಸಿಕೊಂಡರು. ಒಳ್ಳೆಯದಾಯಿತು, ಖುರ್ಷಿದ್‌ನ ಹೆಸರು ಹಾಳಾದದ್ದೂ ಇದೇ ಕಟ್ಟೆಯ ಮೇಲೆ.

ಬಾಳಮ್ಮ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿದ್ದರು. ನನ್ನನ್ನು ಒಳಗೆ ಕರೆದೊಯ್ದರು. ಪಂಚಮಿಗೆ ಉಂಡಿ ಕಟ್ಟುತ್ತಿದ್ದರು, ಕೈಗೆಲ್ಲ ಬೆಲ್ಲ ಮೆತ್ತಿತ್ತು.

"ಆ ಹುಡುಗ ಸುಳ್ಳ ಹೇಳಿದ್ದಿಲ್ಲ ಹಂಗಾದ್ರ."

"ಇಲ್ರಿ. ನನ್ನಿಂದ ತಪ್ಪಾಗ್ಯಾದ ಬಾಳಮ್ಮ. ನಿಮ್ಮ ಕಾಲಿಗಿ ಬೀಳ್ತೇನಿ."

"ಬಿಡ್ರಿ. ನಿಮಗ ತಿಳೀಲಾರ್ದ ಆಗ್ಯಾದ. ಹೊಸಾ ಮಿಷನ್ನು." ಮತ್ತೊಂದು ಉಂಡಿ ಕಟ್ಟಿಟ್ಟರು. ಆಮೇಲೆ ತಲೆ ಎತ್ತಿ ಕೇಳಿದರು, "ನೀವು ನೋಡಿದ್ರೇನು? ಅಳಿಸೂಕಿಂತ ಮೊದಲ?"

"ನೋಡೀನ್ರಿ. ಎಷ್ಟೋ ಸಲ."

"ಮತ್ತ ಹೇಳ್ರಿ ಜರಾ."

ಹೇಳಿದೆ. ನಾಲ್ಕು ಮೂಲೆಗೆ ಚೊಂಬಿಟ್ಟು ನೂಲು ಸುತ್ತಿದ ಸುರಗಿಯಲ್ಲಿ ಭಾಗಮ್ಮ ನೀರು ತಣ್ಣಗಿದೆಯೆಂದು ಹಲ್ಲು ಕಡಿದದ್ದು, ಅರಿಷಿಣ ಹಚ್ಚುವಾಗ ಗೆಳತಿಯರು ಮೂಗಿಗೂ ಹಚ್ಚಿ ಓಡಿದ್ದು, ಬೀರಣ್ಣನ ಬಾಸಿಂಗ ಕಣ್ಣ ಮೇಲೆ ಜಾರಿ ಅವನು ಕುರುಡನ ಹಾಗೆ ತಡಕಾಡಿದ್ದು. ಬಾಳಮ್ಮ ನಕ್ಕರು. ನನಗೆ ಧೈರ್ಯ ಬಂತು.

"ತಾಳಿ ಕಟ್ಟೂ ಹೊತ್ತಿನಾಗ ಅಕಿ ಏನ್ ಮಾಡಿದಳ್ರಿ? ಕೇಳಿದ್ರ, ನಾ ತೆಲಿ ಎತ್ತೇ ಇಲ್ಲ, ಏನೂ ನೆನಪಿಲ್ಲವ್ವ ಅಂತಾಳ."

ಆಗ ನೆನಪಾಯಿತು. "ಎತ್ತಿದ್ದಳ್ರಿ. ಅಕ್ಕಿಕಾಳು ಬೀಳೂ ಹೊತ್ತಿಗಿ ಹಿಂದ ತಿರುಗಿ ಒಳಬಾಗಲ ಕಡೆ ನೋಡಿದಳು. ಭಾಳ ಹೊತ್ತು ನೋಡಿದಳು. ಸೋದರಮಾವನ ಹೆಂಡತಿ ಗದ್ದ ಹಿಡದು ಮುಖ ಮುಂದ ಮಾಡಿದ್ರು. ಅಕಿ ಮತ್ತ ತಿರುಗಿದಳು. ತಾಳಿ ಕಟ್ಟಿದಾಗ ಅಕಿ ಮುಖ ಆ ಬಾಗಲ ಕಡೇನೇ ಇತ್ತು."

ಬಾಳಮ್ಮನ ಕೈ ನಿಂತಿತು. ಬಹಳ ಹೊತ್ತು ಅತ್ತರು. ಅಳುತ್ತಲೇ, "ನಾಳಿ ಬರ್ತಾಳ. ನೀ ನೋಡಿದ್ದು ನನಗ ಮುಟ್ಟಿತು ಅಂತ ಹೇಳ್ತೀನಿ" ಎಂದರು. ನನ್ನ ಕಣ್ಣಲ್ಲೂ ನೀರು. ಇಷ್ಟು ದಿನದ ಭಾರ ಇಳಿಯಿತೆಂದುಕೊಂಡೆ.

ಸೆರಗಿನಿಂದ ಮುಖ ಒರೆಸಿಕೊಂಡು ಅವರು ಕೇಳಿದರು, "ಇದು ಕ್ಯಾಸೆಟ್ನಾಗ ಬರ್ತಿತ್ತಲ್ಲ? ಕ್ಯಾಸೆಟ್ ಇದ್ದಿದ್ರ ನಾ ಕಣ್ಣಾರೆ ನೋಡ್ತಿದ್ದೆ."

ಹೌದೆಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ರಿ. ಅದನ್ನ ನಾ ಮೊದಲೇ ಕತ್ತರಿಸಿ ತಗದಿದ್ದೆ."

"ಯಾಕ?"

"ಮುಖ ಕ್ಯಾಮರಾದ ಕಡೆ ಇರ್ಲಿಲ್ಲ. ಮದಿಮಗಳು ಬೆನ್ನು ಮಾಡಿದ್ರ ಛಂದ ಕಾಣಂಗಿಲ್ಲಂತ."

ಬಾಳಮ್ಮ ನನ್ನನ್ನೇ ನೋಡಿದರು. ಇಷ್ಟು ದಿನ ಬಾಯಾರ, ಬಾಯಾರ ಎನ್ನುತ್ತಿದ್ದ ಬಾಯಿಯಲ್ಲಿ ಮೊದಲ ಸಲ ಏಕವಚನ ಬಂತು.

"ಅಳಿಸಿದ್ದು ತಿಳೀಲಾರ್ದ ಅಳಿಸೀದಿ, ಅದು ಹೋಗ್ಲಿ. ಇದನ್ನ ತಿಳದು ತಗದೀಯಲ್ಲ, ತಂಗಿ?"

ಚಹಾ ಮಾಡಿಕೊಟ್ಟರು. ಕುಡಿದು ಬಂದೆ.